ಬಿಸಿಯಂತ್ರಗಳ ಬಳಿ ಹೊಗೆಯ ಕಾವಲು

ಬೆಟ್ಟದ ಮೇಲೆ ಹೊಗೆಯೇಳುವುದನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ತರ್ಕಶಾಸ್ತ್ರದ ವಿದ್ಯಾರ್ಥಿಗೆ ಹೇಳಿಕೊಡುವ ಮೊತ್ತಮೊದಲ ಪಾಠ. ಅಡುಗೆಮನೆಯ ಒಲೆಯೇ ಇದಕ್ಕೆ ದೃಷ್ಟಾಂತ. ಆದರೆ ಆ ಶಾಸ್ತ್ರಕಾರರೇ ಎರಡು ಎಚ್ಚರಿಕೆಗಳನ್ನೂ ಕೊಟ್ಟಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ನಿಜವಾದರೂ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಂದು ಅದನ್ನು ತಿರುಗಿಸಿ ಹೇಳುವಂತಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇದು ಮೊದಲನೆಯ ಎಚ್ಚರಿಕೆ. ಆವಿಯನ್ನೋ ಮಂಜನ್ನೋ ದೂರದಿಂದ ಕಂಡು ಹೊಗೆಯೆಂದು ಬಗೆದರೆ ಅದರಿಂದ ತೆಗೆದ ನಿರ್ಣಯವೂ ಹುಸಿಯಾಗುತ್ತದೆ ಎಂಬುದು ಎರಡನೆಯದು. ಶತಮಾನಗಳ ಹಿಂದಿನ ಈ ಎರಡು ಮಾತುಗಳು ಇಂದಿನ ಕಾರ್ಖಾನೆಗಳಲ್ಲಿ, ಅದರಲ್ಲಿಯೂ ಕುಲುಮೆ, ಬಾಯ್ಲರು, ಒಣಗಿಸುವ ಯಂತ್ರ, ಬಣ್ಣ ಕಾಯಿಸುವ ಓವನ್ ಮುಂತಾದ ಬಿಸಿಯಂತ್ರಗಳ ಬಳಿ ಹೊಗೆಸೂಚಕವನ್ನು ಆರಿಸುವವರಿಗೆ ಅಕ್ಷರಶಃ ಅನ್ವಯಿಸುತ್ತವೆ.

ಜೀವನೋಪಾಯಕ್ಕಾಗಿ ಕನ್ನಡನಾಡನ್ನು ಬಿಟ್ಟು ಮಹಾನಗರಗಳನ್ನು ಸೇರಿದ ಕನ್ನಡಿಗರಲ್ಲಿ ಕಚೇರಿ, ಬ್ಯಾಂಕು, ಹೋಟೆಲುಗಳಲ್ಲಿ ಇರುವವರಂತೆಯೇ ಕಾರ್ಖಾನೆಗಳಲ್ಲಿ ದುಡಿಯುವವರೂ ಇದ್ದಾರೆ. ಮುಂಬಯಿಯ ಬಳಿಯ ಠಾಣೆ-ಬೇಲಾಪುರ, ಪುಣೆಯ ಪಿಂಪ್ರಿ-ಚಿಂಚವಾಡ, ಚೆನ್ನೈಯ ಅಂಬತ್ತೂರು, ಹೈದರಾಬಾದಿನ ಜೀಡಿಮೆಟ್ಲ, ದೆಹಲಿಯ ಓಖ್ಲಾ ಇವೆಲ್ಲ ಹೆಸರಾಂತ ಕೈಗಾರಿಕಾ ವಲಯಗಳು. ಇಂತಹ ವಲಯಗಳಲ್ಲಿ ಒಬ್ಬರು ಪಾಳಿಯ ಮೇಲ್ವಿಚಾರಕರಾಗಿರಬಹುದು, ಇನ್ನೊಬ್ಬರು ಯಂತ್ರಗಳ ದುರಸ್ತಿ ನೋಡಿಕೊಳ್ಳುವವರಾಗಿರಬಹುದು, ಮತ್ತೊಬ್ಬರು ಸಾಲ ಮಾಡಿ ಸಣ್ಣ ಕಾರ್ಖಾನೆಯನ್ನು ಕಟ್ಟಿದವರಾಗಿರಬಹುದು. ಅವರ ಪ್ರಾಣ, ಅವರನ್ನು ನಂಬಿದ ಕುಟುಂಬ, ಕಟ್ಟಿದ ಬಂಡವಾಳ ಇವೆಲ್ಲವೂ ಛಾವಣಿಗೆ ತಗುಲಿಸಿದ ಒಂದು ಚಿಕ್ಕ ಉಪಕರಣದ ಯೋಗ್ಯಾಯೋಗ್ಯತೆಯನ್ನು ಅವಲಂಬಿಸಿರುವ ಗಳಿಗೆ ಬರಬಹುದು. ಆದಕಾರಣ ಈ ವಿಷಯವನ್ನು ಎಂಜಿನಿಯರುಗಳಿಗೆ ಮಾತ್ರ ಬಿಟ್ಟುಕೊಡದೆ ಎಲ್ಲರೂ ಸ್ಥೂಲವಾಗಿಯಾದರೂ ತಿಳಿದಿರುವುದು ಒಳ್ಳೆಯದು.

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ

ಅಗ್ನಿ ಅನಾಹುತದಲ್ಲಿ ಸತ್ತವರೆಲ್ಲ ಸುಟ್ಟೇ ಸತ್ತರೆಂದು ಸಾಮಾನ್ಯರು ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಬಹಳಷ್ಟು ಸಂದರ್ಭಗಳಲ್ಲಿ ಜ್ವಾಲೆ ತಲಪುವುದಕ್ಕೆ ಮೊದಲೇ ಹೊಗೆ ತನ್ನ ಕೆಲಸವನ್ನು ಮುಗಿಸಿರುತ್ತದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಕೆಳ ಅಂತಸ್ತಿನ ವಾಹನ ನಿಲ್ದಾಣದಲ್ಲಿದ್ದ ವಿದ್ಯುತ್ ಟ್ರಾನ್ಸ್‌ಫಾರ್ಮರಿನಿಂದ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಬಾಲ್ಕನಿಯನ್ನು ತುಂಬಿ 59 ಮಂದಿ ಪ್ರಾಣ ಬಿಟ್ಟರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಮಹಡಿಗಳ ತುಂಬ ದಟ್ಟ ಹೊಗೆ ಹಬ್ಬಿ 9 ಮಂದಿ ಅಸುನೀಗಿದರು. ಉಸಿರಾಡಲಾರದೆ ಕಿಟಕಿಯಿಂದ ಕೆಳಗೆ ಹಾರಿದವರೂ ಅವರಲ್ಲಿದ್ದರು.

ಹೊಗೆಯಲ್ಲಿನ ವಿಷಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅತ್ಯಂತ ಕುಟಿಲವಾದುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿನ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಎದೆ ಏರಿಳಿಯುತ್ತಿದ್ದರೂ ಮಿದುಳಿಗೆ ಮತ್ತು ಹೃದಯಕ್ಕೆ ಸಲ್ಲಬೇಕಾದ ಆಮ್ಲಜನಕ ಸಲ್ಲುವುದಿಲ್ಲ. ಮೊದಲು ತಲೆನೋವು, ಅನಂತರ ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ನಿಶ್ಶಕ್ತಿ, ಕೊನೆಗೆ ಪ್ರಜ್ಞಾಹೀನತೆ. ಉಣ್ಣೆ, ನೈಲಾನ್, ಪಾಲಿಯುರಿಥೇನ್ ಫೋಮ್ ಮುಂತಾದ ಸಾರಜನಕಯುಕ್ತ ವಸ್ತುಗಳು ಉರಿದಾಗ ಹೈಡ್ರೋಜನ್ ಸಯನೈಡ್ ಕೂಡ ಸೇರಿಕೊಳ್ಳುತ್ತದೆ. ತಂತಿಗಳ ಮೇಲಿನ ಪಿ.ವಿ.ಸಿ. ಹೊದಿಕೆ ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಕಣ್ಣು ಮತ್ತು ಶ್ವಾಸನಾಳಗಳನ್ನು ಕೊರೆಯುತ್ತದೆ. ಹೊಗೆಯನ್ನು ಕೆಲವು ನಿಮಿಷ ಮುಂಚಿತವಾಗಿ ಕಂಡುಹಿಡಿಯುವುದೆಂದರೆ, ಕಾಲಿನಲ್ಲಿ ಶಕ್ತಿಯಿರುವಾಗಲೇ ಬಾಗಿಲನ್ನು ತಲಪುವ ಅವಕಾಶವನ್ನು ಕಾರ್ಮಿಕನಿಗೆ ದೊರಕಿಸಿಕೊಡುವುದೆಂದೇ ಅರ್ಥ.

ಯಂತ್ರದ ಮೂಗು ಕೆಲಸ ಮಾಡುವ ಬಗೆ

ಜನರು ಸ್ಮೋಕ್ ಡಿಟೆಕ್ಟರ್ ಎಂದು ಕರೆಯುವ ಹೊಗೆಸೂಚಕಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ಮೊದಲನೆಯದು ಅಯಾನು ಪದ್ಧತಿಯದು. 1930ರ ದಶಕದಲ್ಲಿ ಸ್ವಿಟ್ಸರ್ಲೆಂಡಿನ ವಾಲ್ಟರ್ ಯೇಗರ್ ಎಂಬ ಭೌತವಿಜ್ಞಾನಿ ವಿಷಾನಿಲವನ್ನು ಪತ್ತೆಹಚ್ಚುವ ಉಪಕರಣವೊಂದನ್ನು ಮಾಡಲು ಹೊರಟು ವಿಫಲನಾಗಿ, ಬೇಸರದಿಂದ ಸಿಗರೇಟು ಹಚ್ಚಿದಾಗ ಅದರ ಹೊಗೆಗೆ ಮಾಪಕದ ಮುಳ್ಳು ಅಲುಗಿತೆಂದು ಹೇಳುತ್ತಾರೆ. ಇಂದಿನ ಅಯಾನು ಸೂಚಕದೊಳಗೆ ಅಮೆರಿಷಿಯಂ-241 ಎಂಬ ವಿಕಿರಣಶೀಲ ವಸ್ತುವಿನ ಅತ್ಯಲ್ಪ ಅಂಶವಿದ್ದು, ಅದು ಗಾಳಿಯನ್ನು ವಿದ್ಯುದಾವಿಷ್ಟಗೊಳಿಸಿ ಎರಡು ಫಲಕಗಳ ನಡುವೆ ಸೂಕ್ಷ್ಮವಾದ ವಿದ್ಯುತ್ ಪ್ರವಾಹವನ್ನು ಹರಿಸುತ್ತದೆ. ಹೊಗೆಯ ಕಣಗಳು ಒಳಹೊಕ್ಕರೆ ಆ ಪ್ರವಾಹ ಕುಗ್ಗಿ ಗಂಟೆ ಮೊಳಗುತ್ತದೆ. ಧಗಧಗನೆ ಉರಿಯುವ ಬೆಂಕಿಯ ಅತಿ ಸಣ್ಣ ಕಣಗಳಿಗೆ ಇದು ಬೇಗ ಸ್ಪಂದಿಸುತ್ತದೆ. ಅಮೆರಿಷಿಯಂ-241ರ ಅರ್ಧಾಯುಷ್ಯ ಸುಮಾರು 432 ವರ್ಷ. ಆದುದರಿಂದ ಇಂತಹ ಸೂಚಕವು ಕೆಟ್ಟುಹೋದಾಗ ಗುಜರಿಗೆ ಹಾಕತಕ್ಕದ್ದಲ್ಲ. ಭಾರತದಲ್ಲಿ ಇಂತಹ ವಸ್ತುಗಳ ನಿಯಂತ್ರಣವು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಸೇರಿದೆ.

ಎರಡನೆಯದು ಬೆಳಕಿನ ಪದ್ಧತಿಯದು. ಕತ್ತಲೆಯ ಪುಟ್ಟ ಕೋಣೆಯೊಳಗೆ ಬೆಳಕಿನ ಕಿರಣವೊಂದನ್ನು ಬಿಟ್ಟು, ಅದು ನೇರವಾಗಿ ಬೀಳದ ಜಾಗದಲ್ಲಿ ಬೆಳಕಿಗೆ ಸ್ಪಂದಿಸುವ ಕಣ್ಣನ್ನು ಇರಿಸಿರುತ್ತಾರೆ. ಹೊಗೆ ಹೊಕ್ಕಾಗ ಬೆಳಕು ಕಣಗಳಿಗೆ ತಾಗಿ ಚದುರಿ ಆ ಕಣ್ಣನ್ನು ತಲಪುತ್ತದೆ. ಮುಂಜಾನೆ ಕಿಟಕಿಯ ಸಂದಿನಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳು ಮಿನುಗುವುದನ್ನು ಕಂಡವರಿಗೆ ಇದರ ತತ್ತ್ವ ತಾನಾಗಿ ತಿಳಿಯುತ್ತದೆ. ಹತ್ತಿ, ಹಾಸಿಗೆ, ತಂತಿಯ ಹೊದಿಕೆ ಮುಂತಾದವು ಜ್ವಾಲೆಯಿಲ್ಲದೆ ಒಳಗೊಳಗೇ ಕನಲುವಾಗ ಹೊರಡುವ ದಪ್ಪ ಕಣಗಳನ್ನು ಇದು ಚೆನ್ನಾಗಿ ಗುರುತಿಸುತ್ತದೆ. ದೊಡ್ಡ ಶೆಡ್ಡುಗಳಲ್ಲಿ ಗೋಡೆಯಿಂದ ಗೋಡೆಗೆ ಕಿರಣವನ್ನು ಹಾಯಿಸಿ, ಹೊಗೆಯಿಂದ ಅದು ಮಂಕಾಗುವುದನ್ನು ಅಳೆಯುವ ಕಿರಣಸೂಚಕಗಳೂ ಇವೆ.

ಉಷ್ಣತೆ ತಂದೊಡ್ಡುವ ತೊಡಕುಗಳು

ಮೇಲೆ ಹೇಳಿದ ಸೂಚಕಗಳು ಕಚೇರಿ, ಆಸ್ಪತ್ರೆ, ವಸತಿಗೃಹಗಳಲ್ಲಿ ಸಮರ್ಪಕವಾಗಿ ಕೆಲಸ ಮಾಡುತ್ತವೆ. ಅವನ್ನೇ ತಂದು ಓವನ್ನಿನ ನೆತ್ತಿಯ ಮೇಲೆ ತೂಗುಹಾಕಿದರೆ ಐದು ಬಗೆಯ ತೊಡಕುಗಳು ತಲೆದೋರುತ್ತವೆ.

ಮೊದಲನೆಯದು, ಉಪಕರಣದ ಸಹನಶಕ್ತಿ. ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ 72ನೆಯ ಸಂಹಿತೆಯ ಪ್ರಕಾರ, ವಿಶೇಷವಾಗಿ ಅದಕ್ಕೆಂದೇ ರೂಪಿಸಿದ ಹೊರತು ಹೊಗೆಸೂಚಕವನ್ನು 0 ಡಿಗ್ರಿ ಸೆಲ್ಸಿಯಸಿಗಿಂತ ಕಡಮೆ ಅಥವಾ 38 ಡಿಗ್ರಿಗಿಂತ ಹೆಚ್ಚು ಉಷ್ಣತೆಯಿರುವಲ್ಲಿ, ಶೇಕಡಾ 93ಕ್ಕಿಂತ ಹೆಚ್ಚು ಆರ್ದ್ರತೆಯಿರುವಲ್ಲಿ, ಸೆಕೆಂಡಿಗೆ ಸುಮಾರು 1.5 ಮೀಟರಿಗಿಂತ ವೇಗವಾಗಿ ಗಾಳಿ ಬೀಸುವಲ್ಲಿ ಹಾಕುವಂತಿಲ್ಲ. ಭಾರತದ ಬೇಸಗೆಯಲ್ಲಿ ತಗಡಿನ ಛಾವಣಿಯ ಕೆಳಗೆ, ಯಾವ ಯಂತ್ರವೂ ಇಲ್ಲದೆಯೇ, 38 ಡಿಗ್ರಿ ಮೀರುವುದು ಅಪರೂಪವಲ್ಲ. ಅಂದ ಮೇಲೆ ಬಿಸಿಯಂತ್ರದ ಮೇಲ್ಗಡೆಯ ಮಾತೇನು?

ಎರಡನೆಯದು, ಬಿಸಿಗಾಳಿಯ ಪದರ. ಹೊಗೆ ಮೇಲಕ್ಕೇರುವುದು ಅದು ಸುತ್ತಲಿನ ಗಾಳಿಗಿಂತ ಬಿಸಿಯಾಗಿರುವವರೆಗೆ ಮಾತ್ರ. ಕುಲುಮೆಯ ಕಾವಿನಿಂದ ಛಾವಣಿಯ ಕೆಳಗೆ ಬಿಸಿಗಾಳಿಯ ದಪ್ಪ ಪದರವೊಂದು ಮೊದಲೇ ನೆಲೆಸಿರುತ್ತದೆ. ನೆಲದ ಮೇಲೆ ಕನಲುತ್ತಿರುವ ಬಟ್ಟೆಯ ಗಂಟಿನಿಂದ ಹೊರಟ ನಸುಬೆಚ್ಚಗಿನ ಹೊಗೆ ಆ ಪದರದ ಕೆಳಗೇ ನಿಂತು ಅಡ್ಡಲಾಗಿ ಹರಡುತ್ತದೆ. ಛಾವಣಿಯ ಸೂಚಕ ಸುಮ್ಮನಿರುತ್ತದೆ. ಕೆಳಗೆ ನಿಂತ ಮನುಷ್ಯ ಕೆಮ್ಮುತ್ತಿರುತ್ತಾನೆ.

ಮೂರನೆಯದು, ಗಾಳಿಯ ಓಟ. ಬಿಸಿಯಂತ್ರಗಳಿಗೆ ದೊಡ್ಡ ದೊಡ್ಡ ಬೀಸಣಿಗೆಗಳೂ ಹೊರಹಾಕುವ ಕೊಳವೆಗಳೂ ಇರುತ್ತವೆ. ಹೊಗೆ ಸೂಚಕವನ್ನು ಸೇರುವ ಮೊದಲೇ ಅವು ಅದನ್ನು ಸೆಳೆದುಕೊಂಡು ಹೋಗುತ್ತವೆ. ನಾಲ್ಕನೆಯದು, ಹೊಗೆಯಂತೆ ಕಾಣುವ ಹೊಗೆಯಲ್ಲದ ವಸ್ತುಗಳು: ನೀರಾವಿ, ಎಣ್ಣೆಯ ತುಂತುರು, ಬಣ್ಣದ ಪುಡಿ, ನೂಲಿನ ಧೂಳು. ತರ್ಕಶಾಸ್ತ್ರಜ್ಞರ ಎರಡನೆಯ ಎಚ್ಚರಿಕೆ ಇದೇ. ಐದನೆಯದು, ಹೊಗೆಯಿಲ್ಲದ ಬೆಂಕಿ. ಶುದ್ಧವಾಗಿ ಉರಿಯುವ ಮದ್ಯಸಾರ ಅಥವಾ ಅನಿಲದ ಜ್ವಾಲೆಗೆ ಕಣ್ಣಿಗೆ ಕಾಣುವ ಹೊಗೆಯೇ ಇರದು. ಕಾದ ಕಬ್ಬಿಣದ ಗುಂಡಿನ ದೃಷ್ಟಾಂತ ಇಲ್ಲಿಗೆ ಹೊಂದುತ್ತದೆ.

ಒಂದು ನಿದರ್ಶನ: ಬಟ್ಟೆಗಿರಣಿಯ ಸ್ಟೆಂಟರ್

ಮಾತು ಅಮೂರ್ತವಾಗದಂತೆ ಒಂದೇ ಯಂತ್ರವನ್ನು ತೆಗೆದುಕೊಂಡು ವಿಚಾರಿಸಬಹುದು. ಬಟ್ಟೆಗೆ ಬಣ್ಣ ಹಾಕುವ ಮತ್ತು ಅಂತಿಮ ಸಂಸ್ಕಾರ ಕೊಡುವ ಘಟಕಗಳಲ್ಲಿ ಸ್ಟೆಂಟರ್ ಎಂಬ ಉದ್ದನೆಯ ಯಂತ್ರವಿರುತ್ತದೆ. ಬಟ್ಟೆಯ ಎರಡೂ ಅಂಚುಗಳನ್ನು ಸರಪಣಿಯ ಮೊಳೆ ಅಥವಾ ಚಿಮಟಗಳು ಹಿಡಿದು, ಸಾಲಾಗಿ ಜೋಡಿಸಿದ ಬಿಸಿಕೋಣೆಗಳ ಮೂಲಕ ಎಳೆದುಕೊಂಡು ಹೋಗುತ್ತವೆ. ಪಾಲಿಯೆಸ್ಟರ್ ಬಟ್ಟೆಯ ಅಗಲವನ್ನು ಸ್ಥಿರಗೊಳಿಸಲು ಒಳಗಿನ ಗಾಳಿಯನ್ನು ಸಾಮಾನ್ಯವಾಗಿ 180ರಿಂದ 210 ಡಿಗ್ರಿ ಸೆಲ್ಸಿಯಸಿನವರೆಗೆ ಕಾಯಿಸುತ್ತಾರೆ. ಕಾವು ಬರುವುದು ಅನಿಲದ ಒಲೆಗಳಿಂದ ಅಥವಾ ಬೇರೊಂದು ಕೋಣೆಯಲ್ಲಿ ಕಾಯಿಸಿ ಕೊಳವೆಗಳಲ್ಲಿ ಹರಿಸುವ ಥರ್ಮಿಕ್ ತೈಲದಿಂದ.

ಈ ಕಾವಿನಲ್ಲಿ ನೂಲಿಗೆ ಮೊದಲೇ ಸವರಿದ್ದ ಎಣ್ಣೆ, ಬಟ್ಟೆಯನ್ನು ಮೃದುಗೊಳಿಸುವ ದ್ರವ್ಯಗಳು ಆವಿಯಾಗಿ ನೀಲಿಛಾಯೆಯ ಮಬ್ಬಾಗಿ ಹೊರಡುತ್ತವೆ. ಅಂದರೆ ಎಲ್ಲವೂ ಸರಿಯಾಗಿರುವ ದಿನವೂ ಯಂತ್ರದೊಳಗೆ ಹೊಗೆಯಂತಹದೇ ವಸ್ತುವಿರುತ್ತದೆ. ಆ ಆವಿ ಹೊರಹೋಗುವ ಕೊಳವೆಯ ತಣ್ಣನೆಯ ಭಾಗದಲ್ಲಿ ಘನೀಭವಿಸಿ ಜಿಡ್ಡಾಗಿ ಅಂಟುತ್ತದೆ. ಹಾರಿಬಂದ ನೂಲಿನ ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ. ಎಣ್ಣೆಯಲ್ಲಿ ಅದ್ದಿದ ಬತ್ತಿಯನ್ನು ಕೊಳವೆಯ ಉದ್ದಕ್ಕೂ ಇಟ್ಟಂತೆಯೇ ಸರಿ. ಅದರಲ್ಲಿ ಒಂದು ಕಿಡಿ ಬಿದ್ದರೆ, ಬೀಸಣಿಗೆಯ ಗಾಳಿಯಿಂದ ಬೆಂಕಿ ಛಾವಣಿಯವರೆಗೆ ಓಡುತ್ತದೆ.

ಇಲ್ಲಿ ಹೊಗೆಸೂಚಕವನ್ನು ಎಲ್ಲಿ ಇಡಬೇಕು? ಯಂತ್ರದೊಳಗೆ ಇಟ್ಟರೆ ಕಾವಿಗೆ ಅದು ಉಳಿಯದು. ಉಳಿದರೂ ಹಗಲುರಾತ್ರಿ ಸುಳ್ಳುಗಂಟೆ ಬಾರಿಸುತ್ತದೆ. ಆದುದರಿಂದ ಯಂತ್ರವನ್ನು ಒಂದೇ ವಸ್ತುವೆಂದು ಭಾವಿಸದೆ ಐದು ಪ್ರದೇಶಗಳಾಗಿ ವಿಂಗಡಿಸುವುದು ಜಾಣತನ: ಬಿಸಿಕೋಣೆಗಳ ಒಳಭಾಗ, ಹೊರಹಾಕುವ ಕೊಳವೆ, ಯಂತ್ರದ ಸುತ್ತಲಿನ ಶೆಡ್ಡು, ವಿದ್ಯುತ್ ನಿಯಂತ್ರಣದ ಪೆಟ್ಟಿಗೆಗಳು, ತೈಲ ಕಾಯಿಸುವ ಕೋಣೆ. ಒಂದೊಂದಕ್ಕೂ ಬೇರೆ ಬೇರೆ ಕಾವಲುಗಾರ ಬೇಕು.

ಗಾಳಿಯನ್ನು ಹೊರಗೆಳೆದು ಪರೀಕ್ಷಿಸುವ ವಿಧಾನ

ಸೂಚಕವನ್ನು ಬಿಸಿಯ ಬಳಿಗೆ ಒಯ್ಯಲಾಗದಿದ್ದರೆ, ಬಿಸಿಗಾಳಿಯ ಒಂದಂಶವನ್ನು ಸೂಚಕದ ಬಳಿಗೆ ತರಬಹುದಲ್ಲವೇ? ಈ ಸರಳ ವಿಚಾರದಿಂದ ಹುಟ್ಟಿದುದು ಗಾಳಿಸೆಳೆತದ ಹೊಗೆಸೂಚಕ. 1970ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ, ಕಾಡ್ಗಿಚ್ಚಿನ ಹೊಗೆಯನ್ನು ಅಳೆಯಲು ಬಳಸಿದ ಬೆಳಕಿನ ಉಪಕರಣದ ಅನುಭವವನ್ನು ದೂರವಾಣಿ ಕೇಂದ್ರಗಳ ರಕ್ಷಣೆಗೆ ಅಳವಡಿಸುವ ಪ್ರಯತ್ನದಿಂದ ಇದು ಬೆಳೆಯಿತು. ಸಣ್ಣ ರಂಧ್ರಗಳುಳ್ಳ ಕೊಳವೆಯನ್ನು ಕಾಯಬೇಕಾದ ಸ್ಥಳದಲ್ಲಿ ಹಾಯಿಸಿ, ಇನ್ನೊಂದು ತುದಿಯಲ್ಲಿ ಚಿಕ್ಕ ಬೀಸಣಿಗೆಯಿಂದ ಗಾಳಿಯನ್ನು ನಿರಂತರವಾಗಿ ಸೆಳೆದು, ಸೋಸಿ, ಸೂಕ್ಷ್ಮವಾದ ಬೆಳಕಿನ ಕೋಣೆಯಲ್ಲಿ ಪರೀಕ್ಷಿಸುತ್ತಾರೆ. ಕೊಳವೆಯಲ್ಲಿ ಬರುವಾಗ ಗಾಳಿ ತಣಿಯುತ್ತದೆ. ಸೂಚಕವು ತಂಪಾದ ಗೋಡೆಯ ಮೇಲೆ, ಕೈಗೆಟುಕುವ ಎತ್ತರದಲ್ಲಿ, ಕ್ಷೇಮವಾಗಿರುತ್ತದೆ.

ಈ ವಿಧಾನಕ್ಕೂ ತನ್ನದೇ ಆದ ಶಿಸ್ತುಗಳಿವೆ. ಕಾವು ಹೆಚ್ಚಿರುವಲ್ಲಿ ಪ್ಲಾಸ್ಟಿಕ್ ಕೊಳವೆ ಮೆತ್ತಗಾಗಿ ಜೋಲುತ್ತದೆ. ಅಲ್ಲಿ ತಾಮ್ರದ ಅಥವಾ ಸ್ಟೇನ್‌ಲೆಸ್ ಉಕ್ಕಿನ ಕೊಳವೆಯೇ ಆಗಬೇಕು. ಕೊಳವೆ ಉದ್ದವಾದಷ್ಟೂ ಗಾಳಿ ತಣಿಯುತ್ತದೆ ನಿಜ, ಆದರೆ ಸುದ್ದಿಯೂ ಅಷ್ಟೇ ತಡವಾಗಿ ತಲಪುತ್ತದೆ. ಅತಿ ದೂರದ ರಂಧ್ರದಿಂದ ಸೂಚಕಕ್ಕೆ ಗಾಳಿ ಬರಲು 120 ಸೆಕೆಂಡುಗಳಿಗಿಂತ ಹೆಚ್ಚು ಹಿಡಿಯಬಾರದೆಂಬುದು ಅಮೆರಿಕದ ಸಂಹಿತೆಯ ನಿಯಮ. ಬಿಸಿಗಾಳಿ ತಣಿದಾಗ ಅದರಲ್ಲಿನ ತೇವವು ಹನಿಯಾಗುತ್ತದೆ, ಹನಿಯನ್ನು ಸೂಚಕವು ಹೊಗೆಯೆಂದು ತಿಳಿಯುತ್ತದೆ. ಆದುದರಿಂದ ಸೂಚಕಕ್ಕೆ ಮುಂಚೆ ಕೊಳವೆಯಲ್ಲಿ ತಗ್ಗಾದ ಬಾಗನ್ನು ಮಾಡಿ ನೀರು ಹಿಡಿಯುವ ಪಾತ್ರೆಯನ್ನು ಜೋಡಿಸತಕ್ಕದ್ದು. ಧೂಳು ಸೋಸುವ ಜಾಲರಿಯನ್ನು ತಪ್ಪದೆ ಬದಲಾಯಿಸತಕ್ಕದ್ದು. ಸ್ಟೆಂಟರಿನ ಶೆಡ್ಡಿಗೆ, ವಿದ್ಯುತ್ ಪೆಟ್ಟಿಗೆಗಳ ಒಳಭಾಗಕ್ಕೆ ಈ ಪದ್ಧತಿ ಚೆನ್ನಾಗಿ ಒಗ್ಗುತ್ತದೆ. ನೀಲಿ ಮಬ್ಬು ತುಂಬಿದ ಬಿಸಿಕೋಣೆಗೆ ಇದೂ ಒಗ್ಗದು.

ಉಷ್ಣಸೂಚಕ ಮತ್ತು ಜ್ವಾಲಾಸೂಚಕ

ಹೊಗೆಯೇ ನಿತ್ಯದ ವಾತಾವರಣವಾಗಿರುವಲ್ಲಿ ಹೊಗೆಯನ್ನು ಸಾಕ್ಷಿಯಾಗಿ ಕರೆಯುವುದು ವ್ಯರ್ಥ. ಅಲ್ಲಿ ಕಾವನ್ನೇ ಕೇಳಬೇಕು. ನಿಶ್ಚಿತ ಉಷ್ಣತೆಯನ್ನು ಮುಟ್ಟಿದಾಗ ಎಚ್ಚರಿಸುವ ಸೂಚಕಗಳು ಒಂದು ಬಗೆ. ನಿಮಿಷಕ್ಕೆ ಸುಮಾರು 8 ಡಿಗ್ರಿಗಿಂತ ವೇಗವಾಗಿ ಕಾವೇರಿದರೆ ಎಚ್ಚರಿಸುವವು ಇನ್ನೊಂದು ಬಗೆ. ಓವನ್ನಿನ ಬಾಗಿಲನ್ನು ತೆರೆದ ಕೂಡಲೆ ಬಿಸಿಗಾಳಿಯ ಅಲೆ ಛಾವಣಿಗೆ ಬಡಿಯುವುದರಿಂದ ಅಂತಹ ಕಡೆ ಎರಡನೆಯ ಬಗೆ ಸಲ್ಲದು; ನಿಶ್ಚಿತ ಉಷ್ಣತೆಯದೇ ಯೋಗ್ಯ.

ನಿಶ್ಚಿತ ಉಷ್ಣತೆಯನ್ನು ಗೊತ್ತುಮಾಡುವುದಕ್ಕೂ ಕ್ರಮವುಂಟು. ಅಮೆರಿಕದ ಸಂಹಿತೆಯಲ್ಲಿ 58ರಿಂದ 79 ಡಿಗ್ರಿಯ ಸಾಮಾನ್ಯ ವರ್ಗದ ಸೂಚಕವನ್ನು ಛಾವಣಿಯ ಗರಿಷ್ಠ ಉಷ್ಣತೆ 47 ಡಿಗ್ರಿ ಮೀರದಲ್ಲಿ, 80ರಿಂದ 121ರ ಮಧ್ಯಮ ವರ್ಗವನ್ನು 69 ಮೀರದಲ್ಲಿ, 122ರಿಂದ 162ರ ಉಚ್ಚ ವರ್ಗವನ್ನು 111 ಮೀರದಲ್ಲಿ ಬಳಸಬೇಕೆಂದಿದೆ. ಅಂದರೆ ಸೂಚಕದ ಅಂಕಿ ಸ್ಥಳದ ಅತ್ಯಧಿಕ ಉಷ್ಣತೆಗಿಂತ ಕನಿಷ್ಠ 11 ಡಿಗ್ರಿ ಮೇಲಿರಬೇಕು. ಭಾರತದಲ್ಲಿ ಉಷ್ಣಸೂಚಕಗಳಿಗೆ ಐ.ಎಸ್. 2175, ಹೊಗೆಸೂಚಕಗಳಿಗೆ ಐ.ಎಸ್. 11360, ಇವುಗಳ ಆಯ್ಕೆ, ಸ್ಥಾಪನೆ ಮತ್ತು ನಿರ್ವಹಣೆಗೆ ಐ.ಎಸ್. 2189 ಎಂಬ ಮಾನಕಗಳನ್ನು ಹೊರಡಿಸಲಾಗಿದೆ. ಬೆಲೆಪಟ್ಟಿ ತರುವ ವ್ಯಾಪಾರಿಯನ್ನು ಈ ಅಂಕಿಗಳ ಬಗ್ಗೆ ವಿಚಾರಿಸುವುದು ಕೊಳ್ಳುವವರ ಹಕ್ಕು.

ಉದ್ದನೆಯ ಕೊಳವೆ, ತಂತಿಹಾದಿ, ಸಾಗಣೆ ಪಟ್ಟಿಗಳ ಉದ್ದಕ್ಕೂ ಉಷ್ಣಸೂಚಕ ತಂತಿಯನ್ನು ಹಾಯಿಸಬಹುದು. ಇದರಲ್ಲಿ ಕಾವಿಗೆ ಕರಗುವ ಹೊದಿಕೆಯ ಎರಡು ತಂತಿಗಳನ್ನು ಹೊಸೆದಿರುತ್ತಾರೆ. ಎಲ್ಲಿ ಹೊದಿಕೆ ಕರಗಿ ತಂತಿಗಳು ಕೂಡುತ್ತವೆಯೋ ಅಲ್ಲಿಂದ ಎಚ್ಚರಿಕೆ ಹೊರಡುತ್ತದೆ. ಸ್ಟೆಂಟರಿನ ಹೊರಹಾಕುವ ಕೊಳವೆಗೆ ಉಷ್ಣಸೂಚಕದೊಂದಿಗೆ, ಹಾರುವ ಕಿಡಿಯನ್ನು ಅವರಕ್ತ ಕಿರಣಗಳಿಂದ ಕ್ಷಣಾರ್ಧದಲ್ಲಿ ಗುರುತಿಸುವ ಕಿಡಿಸೂಚಕವನ್ನೂ ಇರಿಸುವುದುಂಟು.

ಥರ್ಮಿಕ್ ತೈಲದ ಕೋಣೆಯ ಸ್ಥಿತಿ ಬೇರೆ. ಅಲ್ಲಿ ಖನಿಜತೈಲವು 300 ಡಿಗ್ರಿಯ ಸಮೀಪಕ್ಕೂ ಕಾಯುತ್ತದೆ. ಕೀಲು ಸಡಿಲಗೊಂಡು ಸೋರಿದ ತೈಲವು ಕೊಳವೆಗೆ ಸುತ್ತಿದ ಉಷ್ಣರಕ್ಷಕ ಹೊದಿಕೆಯನ್ನು ನೆನೆಸಿದರೆ, ಹೊರಗಿನ ಕಿಡಿಯ ಹಂಗಿಲ್ಲದೆಯೇ ಅದು ಒಳಗೊಳಗೆ ಕಾವೇರಿ ಹೊತ್ತಿಕೊಳ್ಳಬಲ್ಲುದು. ಇಲ್ಲಿ ಉಷ್ಣಸೂಚಕದ ಜೊತೆಗೆ ಜ್ವಾಲಾಸೂಚಕವೂ ಬೇಕು. ಅತಿನೇರಳೆ ಕಿರಣದಿಂದ ಜ್ವಾಲೆಯನ್ನು ಗುರುತಿಸುವ ಸೂಚಕವನ್ನು ವೆಲ್ಡಿಂಗಿನ ಕಿಡಿ ಮೋಸಗೊಳಿಸುತ್ತದೆ. ಗಾಜಿನ ಮೇಲೆ ಎಣ್ಣೆಯ ಪೊರೆ ಕಟ್ಟಿದರೆ ಅದು ಕುರುಡಾಗುತ್ತದೆ. ಅವರಕ್ತ ಸೂಚಕವು ಜ್ವಾಲೆಯಲ್ಲಿನ ಬಿಸಿಯಾದ ಇಂಗಾಲದ ಡೈಆಕ್ಸೈಡು ಹೊರಸೂಸುವ ಸುಮಾರು 4.3 ಮೈಕ್ರೋಮೀಟರ್ ಅಲೆಯುದ್ದದ ಕಿರಣವನ್ನು ನೋಡುತ್ತದೆ. ಕಾದ ಕುಲುಮೆಯ ಗೋಡೆಯೂ ಅದೇ ಅಲೆಯುದ್ದದಲ್ಲಿ ಹೊಳೆಯುವುದರಿಂದ, ಮೂರು ಅಲೆಯುದ್ದಗಳನ್ನು ಹೋಲಿಸಿ, ಜ್ವಾಲೆಯ ನಡುಗುವಿಕೆಯನ್ನೂ ಗಮನಿಸುವ ತ್ರಿವಿಧ ಸೂಚಕವೇ ಬಿಸಿಯಂತ್ರದ ಬಳಿ ಹೆಚ್ಚು ನಂಬಲರ್ಹ.

ಆಯ್ಕೆಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

ಒಂದು: ಸೂಚಕವಿರುವ ಜಾಗದಲ್ಲಿ ಅತ್ಯಧಿಕ ಉಷ್ಣತೆ ಎಷ್ಟು? ಊಹೆ ಸಾಲದು. ಮೇ ತಿಂಗಳ ಮಧ್ಯಾಹ್ನ, ಎಲ್ಲ ಯಂತ್ರಗಳೂ ನಡೆಯುತ್ತಿರುವಾಗ, ಬಾಗಿಲು ತೆರೆದ ಗಳಿಗೆಯಲ್ಲಿ ಅಳೆದು ಬರೆದಿಡಬೇಕು.

ಎರಡು: ಅಲ್ಲಿ ಹೊತ್ತುವುದು ಯಾವುದು? ಅದು ಮೊದಲು ಕನಲುವುದೋ, ಒಮ್ಮೆಲೇ ಜ್ವಾಲೆಯಾಗುವುದೋ? ಬಟ್ಟೆ ಮತ್ತು ತಂತಿ ಕನಲುತ್ತವೆ. ತೈಲ ಮತ್ತು ದ್ರಾವಕಗಳು ಜ್ವಾಲೆಯಾಗುತ್ತವೆ.

ಮೂರು: ನಿತ್ಯದ ಕೆಲಸದಲ್ಲಿ ಹೊಗೆಯಂತೆ ಕಾಣುವುದು ಏನೇನಿದೆ? ಮಾಟುಂಗದ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಇಡ್ಲಿಯ ಹಬೆಯೂ ದೋಸೆಕಾವಲಿಯ ಹೊಗೆಯೂ ದಿನವಿಡೀ ಏಳುತ್ತಿರುತ್ತವೆ; ಅಲ್ಲಿ ಹೊಗೆಸೂಚಕದ ಬದಲು ಉಷ್ಣಸೂಚಕವನ್ನು ಹಾಕುವುದು ಇದೇ ಕಾರಣದಿಂದ.

ನಾಲ್ಕು: ಗಾಳಿ ಯಾವ ಕಡೆಗೆ ಓಡುತ್ತದೆ? ಯಂತ್ರ ನಡೆಯುವಾಗ ಒಂದು ದಾರಿ, ನಿಂತಾಗ ಇನ್ನೊಂದು ದಾರಿ ಇರಬಹುದು. ಎರಡೂ ಸ್ಥಿತಿಗಳಲ್ಲಿ ಪರೀಕ್ಷೆಯ ಹೊಗೆಯನ್ನು ಬಿಟ್ಟು ನೋಡಬೇಕು.

ಐದು: ಗಂಟೆ ಬಾರಿಸಿದ ಮೇಲೆ ಏನು ನಡೆಯಬೇಕು? ಒಲೆ ಆರಬೇಕೇ, ತೈಲದ ಪಂಪು ನಿಲ್ಲಬೇಕೇ, ಬೀಸಣಿಗೆ ನಿಲ್ಲಬೇಕೇ? ಕೊಳವೆಯಲ್ಲಿ ಬೆಂಕಿಯಿದ್ದರೆ ಬೀಸಣಿಗೆಯು ಅದನ್ನು ಊದುತ್ತದೆ. ದ್ರಾವಕದ ಆವಿಯಿರುವ ಓವನ್ನಿನಲ್ಲಾದರೋ ಬೀಸಣಿಗೆಯನ್ನು ನಿಲ್ಲಿಸಿದರೆ ಆವಿ ಕೂಡಿ ಸ್ಫೋಟವಾಗಬಹುದು. ಈ ನಿರ್ಧಾರವನ್ನು ತಜ್ಞರು ಮೊದಲೇ ಮಾಡಿಡತಕ್ಕದ್ದು. ಗಾಬರಿಯ ಗಳಿಗೆಗೆ ಬಿಡತಕ್ಕದ್ದಲ್ಲ.

ಸುಳ್ಳುಗಂಟೆಯ ಅಪಾಯ

ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ವಾರಕ್ಕೆ ಮೂರು ಸಲ ಸುಳ್ಳುಗಂಟೆ ಬಾರಿಸುವ ಸೂಚಕವನ್ನು ಯಾವ ಕಾರ್ಖಾನೆಯೂ ಬಹುಕಾಲ ಸಹಿಸದು. ರಾತ್ರಿಪಾಳಿಯವರು ಅದಕ್ಕೆ ಪ್ಲಾಸ್ಟಿಕ್ ಚೀಲವನ್ನು ಕಟ್ಟುತ್ತಾರೆ, ಇಲ್ಲವೇ ತಂತಿಯನ್ನು ಬಿಚ್ಚಿಡುತ್ತಾರೆ. ಉತ್ಪಾದನೆ ನಿಂತರೆ ಬೈಸಿಕೊಳ್ಳುವವರು ಅವರೇ ಆದ್ದರಿಂದ ಅವರನ್ನು ದೂರಿ ಫಲವಿಲ್ಲ. ತಪ್ಪಿರುವುದು ಆಯ್ಕೆಯಲ್ಲಿ. ಹೀಗೆ ಬಾಯಿ ಕಟ್ಟಿದ ಸೂಚಕವು ಸೂಚಕವೇ ಇಲ್ಲದ್ದಕ್ಕಿಂತ ಅಪಾಯಕರ. ಏಕೆಂದರೆ ಕಾವಲಿದೆಯೆಂಬ ನಂಬಿಕೆಯಲ್ಲಿ ಉಳಿದೆಲ್ಲ ಎಚ್ಚರಗಳೂ ಸಡಿಲಗೊಂಡಿರುತ್ತವೆ.

ಇದಕ್ಕೆ ಪರಿಹಾರವೆಂದರೆ ಎರಡು ಸಾಕ್ಷಿಗಳ ಕ್ರಮ. ಒಂದು ಸೂಚಕ ಎಚ್ಚರಿಸಿದರೆ ಮೇಲ್ವಿಚಾರಕನಿಗೆ ಸೂಚನೆ ಹೋಗಿ ಅವನು ಬಂದು ನೋಡುವುದು. ಬೇರೆ ಜಾತಿಯ ಎರಡನೆಯ ಸೂಚಕವೂ ಒಪ್ಪಿದರೆ ಮಾತ್ರ ಯಂತ್ರ ತಾನಾಗಿ ನಿಂತು ಆರಿಸುವ ವ್ಯವಸ್ಥೆ ಚಾಲನೆಗೊಳ್ಳುವುದು. ಆದರೆ ಜನರನ್ನು ಹೊರಗೆ ಕಳಿಸಲು ಎರಡನೆಯ ಸಾಕ್ಷಿಗಾಗಿ ಕಾಯಬಾರದು. ಪ್ರತಿಯೊಂದು ಗಂಟೆಯನ್ನೂ, ಸುಳ್ಳಾಗಲಿ ನಿಜವಾಗಲಿ, ದಿನಾಂಕ, ವೇಳೆ, ಕಾರಣಗಳೊಡನೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಮೂರು ತಿಂಗಳ ಬರಹವನ್ನು ಓದಿದರೆ ಯಾವ ಸೂಚಕ ತಪ್ಪು ಜಾಗದಲ್ಲಿದೆಯೆಂಬುದು ತಾನಾಗಿ ಗೋಚರಿಸುತ್ತದೆ.

ವೆಚ್ಚದ ಲೆಕ್ಕ

ಸಣ್ಣ ಉದ್ಯಮಿಯ ಮೊದಲ ಪ್ರಶ್ನೆ ಬೆಲೆ ಎಷ್ಟೆಂಬುದೇ. ಕೊಳ್ಳುವ ಬೆಲೆಯೊಂದನ್ನೇ ಹೋಲಿಸುವುದು ಅಪೂರ್ಣ ಲೆಕ್ಕ. ವರ್ಷದ ನಿರ್ವಹಣೆ, ಜಾಲರಿ ಮತ್ತು ಬ್ಯಾಟರಿಯ ಬದಲಾವಣೆ, ಸುಳ್ಳುಗಂಟೆಯಿಂದ ನಿಂತ ಗಂಟೆಗಳ ಉತ್ಪಾದನೆ ಇವನ್ನೂ ಕೂಡಿಸಿ ನೋಡಿದರೆ ಅಗ್ಗದ ಸೂಚಕವು ದುಬಾರಿಯಾಗುವುದುಂಟು.

ವಿಮೆಯಿದೆಯೆಂಬ ಧೈರ್ಯವೂ ಪೂರ್ತಿ ಆಸರೆಯಲ್ಲ. 10 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು 6 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿ, 2 ಲಕ್ಷದ ನಷ್ಟವಾಯಿತೆಂದು ಭಾವಿಸಿದರೆ, ಸರಾಸರಿಯ ಷರತ್ತಿನ ಪ್ರಕಾರ ದೊರೆಯುವುದು 1 ಲಕ್ಷ 20 ಸಾವಿರ ಮಾತ್ರ. ಯಂತ್ರ ನಿಂತ ತಿಂಗಳುಗಳ ಲಾಭನಷ್ಟವು ಪ್ರತ್ಯೇಕ ವಿಮೆಯಿಲ್ಲದೆ ಸಿಗುವುದಿಲ್ಲ. ಬ್ಯಾಂಕಿನ ಸಾಲದ ಬಡ್ಡಿಯಾದರೋ ಬೆಂಕಿಗೆ ಹೆದರಿ ನಿಲ್ಲುವುದಿಲ್ಲ. ಹೋದ ಜೀವಕ್ಕೆ ಬೆಲೆ ಕಟ್ಟುವ ಖಾತೆ ಯಾವ ಲೆಕ್ಕಪುಸ್ತಕದಲ್ಲಿಯೂ ಇಲ್ಲ. ಮತ್ತೊಂದು ಮಾತು: ಸೂಚಕಕ್ಕಿಂತಲೂ ಅಗ್ಗವಾದ ರಕ್ಷಣೆಯೆಂದರೆ ಶುಚಿತ್ವ. ಸ್ಟೆಂಟರಿನ ಕೊಳವೆಯ ಜಿಡ್ಡನ್ನು ನಿಯತವಾಗಿ ಕೆರೆದು ತೆಗೆಯುವ ಕಾರ್ಖಾನೆಯಲ್ಲಿ ಸೂಚಕಕ್ಕೆ ಕೆಲಸವೇ ಕಡಮೆ.

ಆರೋಗ್ಯದ ದೃಷ್ಟಿಯಿಂದ ನೆನಪಿಡಬೇಕಾದುದು

ಗಂಟೆ ಕೇಳಿದಾಗ ಉಡುಪು, ಊಟದ ಡಬ್ಬಿ, ಮೊಬೈಲುಗಳಿಗಾಗಿ ಹಿಂದಿರುಗಬಾರದು. ಹೊಗೆ ತುಂಬಿದ ಹಾದಿಯಲ್ಲಿ ನೆಲದ ಸಮೀಪದ ಗಾಳಿ ಸಾಮಾನ್ಯವಾಗಿ ತಿಳಿಯಾಗಿರುವುದರಿಂದ ಬಾಗಿ ಇಲ್ಲವೇ ತೆವಳಿ ಹೊರಡಬೇಕು. ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿದರೆ ಮಸಿ ಸ್ವಲ್ಪ ತಡೆಯಬಹುದೇ ಹೊರತು ಕಾರ್ಬನ್ ಮೊನಾಕ್ಸೈಡ್ ತಡೆಯದು. ಅದನ್ನು ನಂಬಿ ಒಳಗೆ ನಿಲ್ಲಬಾರದು.

ಹೊಗೆ ಕುಡಿದವನನ್ನು ತೆರೆದ ಗಾಳಿಗೆ ತಂದು ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು. ದನಿ ಒಡೆದಿದ್ದರೆ, ಮೂಗಿನಲ್ಲಿ ಮಸಿಯಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ ಅವನು ಆ ಗಳಿಗೆಯಲ್ಲಿ ಚೆನ್ನಾಗಿದ್ದೇನೆಂದರೂ ಬಿಡಬಾರದು. ಶ್ವಾಸನಾಳದ ಊತವು ಕೆಲವು ಗಂಟೆಗಳ ಅನಂತರ ಕಾಣಿಸಿಕೊಳ್ಳಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕಯುಕ್ತವೆಂದೇ ತೋರಿಸಬಲ್ಲುದಾದ್ದರಿಂದ ಅದರ ಅಂಕಿಯನ್ನು ನಂಬಿ ನಿಶ್ಚಿಂತರಾಗುವಂತಿಲ್ಲ. ಬರಿಯ ಗಾಳಿಯಲ್ಲಿ ರಕ್ತದಲ್ಲಿನ ಈ ವಿಷ ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಹಿಡಿದರೆ, ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು. ಆದುದರಿಂದ ಬೇಗನೆ ಆಮ್ಲಜನಕ ಕೊಡಿಸುವುದೇ ಮುಖ್ಯ ಚಿಕಿತ್ಸೆ.

ಸುಟ್ಟ ಗಾಯವನ್ನು 20 ನಿಮಿಷಗಳ ಕಾಲ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಮಂಜುಗಡ್ಡೆ, ಶಾಯಿ, ಹಲ್ಲುಜ್ಜುವ ಪೇಸ್ಟು, ಬೆಣ್ಣೆ ಯಾವುದನ್ನೂ ಸವರಬಾರದು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳದೆ, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ವೈದ್ಯರ ಬಳಿಗೆ ಒಯ್ಯಬೇಕು. ಅಗ್ನಿಶಾಮಕ ದಳಕ್ಕೆ 101, ಎಲ್ಲ ಬಗೆಯ ತುರ್ತಿಗೂ 112 ಎಂಬ ಸಂಖ್ಯೆಗಳನ್ನು ಯಂತ್ರದ ಪಕ್ಕದ ಗೋಡೆಯ ಮೇಲೆ, ಅಲ್ಲಿ ದುಡಿಯುವವರು ಓದಬಲ್ಲ ಭಾಷೆಗಳಲ್ಲೆಲ್ಲ ಬರೆಸಿಡುವುದು ಲೇಸು.

ಹೊಗೆಸೂಚಕವು ಬೆಂಕಿಯನ್ನು ಆರಿಸುವುದಿಲ್ಲ. ಸಮಯವನ್ನು ಮಾತ್ರ ಕೊಡುತ್ತದೆ. ಆ ಸಮಯ ಎರಡು ನಿಮಿಷವಿರಬಹುದು, ಐದು ನಿಮಿಷವಿರಬಹುದು. ಸ್ಥಳವನ್ನು ಅಳೆದು, ಹೊತ್ತುವ ವಸ್ತುವನ್ನು ಅರಿತು, ಹೊಗೆಗೂ ಹಬೆಗೂ ಇರುವ ಭೇದವನ್ನು ಗಮನಿಸಿ ಆರಿಸಿದ ಸೂಚಕವು ಆ ನಿಮಿಷಗಳನ್ನು ಪ್ರಾಮಾಣಿಕವಾಗಿ ಸಲ್ಲಿಸುತ್ತದೆ. ಅವನ್ನು ಬಳಸಿಕೊಳ್ಳಲು ಹೊರಬಾಗಿಲಿಗೆ ಬೀಗ ಹಾಕಿಲ್ಲವೆಂಬುದನ್ನು, ಹಾದಿಯಲ್ಲಿ ಬಟ್ಟೆಯ ಗಂಟುಗಳನ್ನು ಒಟ್ಟಿಲ್ಲವೆಂಬುದನ್ನು ಪ್ರತಿ ಪಾಳಿಯ ಆರಂಭದಲ್ಲಿಯೂ ಯಾರಾದರೊಬ್ಬರು ನೋಡಿ ಬರುವುದು ಅವಶ್ಯ.